ಊರು ಬಂತು, ಹಿಂದೆ ಕೂತ್ಕೋ

ನನ್ನ ಗಂಡನಿಗೆ ಬದಲಾವಣೆ ಅಂದರೆ ಬಲು ಇಷ್ಟ. ಅದು ನಿಧಾನವಾಗಿ ಬರಬೇಕು, ಮೊದಲೇ ಹೇಳಿ ಕಳಿಸಿ ಬರಬೇಕು, ಬಂದಮೇಲೆ ಒಳಗೆ ಕಾಲಿಡದೆ ಜಗಲಿಯ ಮೇಲೇ ಕೂತಿರಬೇಕು, ಅಷ್ಟೆ. ಈ ವಿಷಯದ ಮೇಲೆ ಅವರು ಭಾಷಣ ಮಾಡುತ್ತಾರೆ. ನ್ಯಾಮತಿಯ ನಿವೃತ್ತರ ಸಂಘದಲ್ಲಿ ಒಂದು ಸಲ, ನಮ್ಮ ಚನ್ನಗಿರಿಯಲ್ಲಿ ಎರಡು ಸಲ ಮಾಡಿ ಶಾಲು ಹೊದಿಸಿಕೊಂಡು ಬಂದಿದ್ದಾರೆ. ಆ ಶಾಲುಗಳನ್ನು ಯಾರೂ ಹೊದೆಯುವುದಿಲ್ಲ, ಒಂದನ್ನು ನಾನು ಮಿಕ್ಸಿಗೆ ಮುಚ್ಚಿದ್ದೇನೆ.

ಅವರ ಹೆಸರು ತಿಪ್ಪೇರುದ್ರಸ್ವಾಮಿ. ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದರು. ಅಷ್ಟು ವರ್ಷವೂ ಸೀಟಿ ಊದಿ ಬೇಗ ಬೇಗ ಅಂತ ಮಕ್ಕಳನ್ನು ಓಡಿಸಿದವರು, ರಿಟೈರಾದ ಮಾರನೇ ವರ್ಷ ಹೊನ್ನಾಳಿಯಲ್ಲಿ ಒಂದು ದಿನದ ಶಿಬಿರಕ್ಕೆ ಹೋಗಿ ಬಂದಮೇಲೆ ನಿಧಾನ ನಿಧಾನ ಅನ್ನತೊಡಗಿದರು. ಶಿಬಿರ ನಡೆಸಿದವಳು ರೂಪಶ್ರೀ ಅಂತ, ಕೆನ್ನೆಗೆ ಮೈಕು ಅಂಟಿಸಿಕೊಂಡ ಹುಡುಗಿ. ಬದುಕಿನಲ್ಲಿ ಏನೇ ಬದಲಾದರೂ ಮೊದಲು ಅದನ್ನು ಗಮನಿಸಿ, ಮೂರು ದೀರ್ಘ ಉಸಿರು ತೆಗೆದುಕೊಳ್ಳಿ, ಆಮೇಲೆ ಅದಕ್ಕೊಂದು ಧನ್ಯವಾದ ಹೇಳಿ ಅಂತ ಕಲಿಸಿದಳಂತೆ. ಅವತ್ತು ಸಂಜೆ ಮನೆಗೆ ಬಂದ ಮೇಷ್ಟ್ರು ಒಂದೇ ಒಂದು ಮಂಡಕ್ಕಿ ಕಾಳನ್ನು ನಾಲಿಗೆಯ ಮೇಲಿಟ್ಟುಕೊಂಡು ಐದು ನಿಮಿಷ ಕಣ್ಣು ಮುಚ್ಚಿ ತಿಂದರು. ಬಟ್ಟಲಿನಲ್ಲಿ ಇನ್ನೂ ಅರ್ಧ ಸೇರು ಮಂಡಕ್ಕಿಯಿತ್ತು. ನಾನು ಅದಕ್ಕೆ ಒಗ್ಗರಣೆ ಹಾಕಿಬಿಟ್ಟೆ.

ಇದೆಲ್ಲ ಇರಲಿ, ನನಗೇನೂ ತೊಂದರೆಯಿರಲಿಲ್ಲ. ತೊಂದರೆ ಶುರುವಾದದ್ದು ಅವರ ಕಣ್ಣಿನಿಂದ. ಎರಡೂ ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್ ಮಾಡಿಸಿ ಅಂತ ಡಾಕ್ಟರು ಹೇಳಿ ವರ್ಷವಾಯಿತು. ಇವರು ಪೊರೆ ಹಣ್ಣಾಗಲಿ ಅಂದರು. ಈಗ ಹಾಗೆಲ್ಲ ಕಾಯುವ ಹಾಗಿಲ್ಲ ಅಂತ ಡಾಕ್ಟರು ಅಂದರೆ, ಪ್ರಕೃತಿಗೆ ಅದರದೇ ವೇಗ ಇರುತ್ತದೆ ಅಂತ ಡಾಕ್ಟರಿಗೇ ಪಾಠ ಹೇಳಿ ಬಂದರು. ನಿಜ ಹೇಳಬೇಕೆಂದರೆ ಅವರಿಗೆ ಸೂಜಿ ಕಂಡರೆ ಭಯ. ಮಕ್ಕಳಿಗೆ ಶಾಲೆಯಲ್ಲಿ ಚುಚ್ಚುಮದ್ದು ಹಾಕಿಸುವ ದಿನ ಇವರು ರಜೆ ಹಾಕುತ್ತಿದ್ದುದು ನನಗೆ ಗೊತ್ತಿಲ್ಲವೇ.

ಆಗ ನಾನು ಗಾಡಿ ಕಲಿತೆ. ಐವತ್ತೈದನೇ ವಯಸ್ಸಿನಲ್ಲಿ. ಪಕ್ಕದ ಮನೆಯ ಗೌಸಿಯಾ ಅದೇ ಹೈಸ್ಕೂಲು ಮೈದಾನದಲ್ಲಿ ಸ್ಕೂಟರಿನ ಹಿಂದೆ ಓಡಿ ಓಡಿ ಕಲಿಸಿದಳು. ಎರಡು ಸಲ ಬಿದ್ದೆ, ಮೂರನೇ ಸಲ ಲೈಸೆನ್ಸು ಬಂತು. ಜಗಳೂರಿನ ನನ್ನ ತವರಿನಲ್ಲಿ ನಮ್ಮಪ್ಪ ನನಗೆ ಸೈಕಲ್ಲು ಮುಟ್ಟಲು ಬಿಟ್ಟಿರಲಿಲ್ಲ, ಅದಕ್ಕೇ ಇರಬೇಕು, ಲೈಸೆನ್ಸು ಬಂದ ದಿನ ಸುಮ್ಮಸುಮ್ಮನೆ ಬಸ್‌ಸ್ಟ್ಯಾಂಡಿನವರೆಗೆ ಹೋಗಿ ಬಂದೆ. ಎಷ್ಟು ಖುಷಿಯಾಗಿತ್ತೆಂದರೆ, ದಾರಿಯಲ್ಲಿ ಸಿಕ್ಕವರಿಗೆಲ್ಲ ಹಾರನ್ನು ಹೊಡೆದೆ.

ಮೇಷ್ಟ್ರು ಈ ಬದಲಾವಣೆಯನ್ನು ಗಮನಿಸಿದರು. ಮೂರು ಉಸಿರು ತೆಗೆದುಕೊಂಡರು. ಧನ್ಯವಾದ ಮಾತ್ರ ಹೇಳಲಿಲ್ಲ, ಒಂದು ಒಪ್ಪಂದ ಹೇಳಿದರು. ಊರಿನ ಹೊರಗೆ ನಾನು ಓಡಿಸಬಹುದು, ಊರೊಳಗೆ ಅವರು. ಯಾಕೆಂದರೆ ಊರೊಳಗೆ ಅವರ ಶಿಷ್ಯರಿರುತ್ತಾರೆ. ಮೇಷ್ಟ್ರು ಹೆಂಡತಿಯ ಹಿಂದೆ ಕೂತು ಹೋಗುವುದನ್ನು ಒಂದೇ ಸಲ ನೋಡಿದರೆ ಸಮಾಜಕ್ಕೆ ಆಘಾತವಾಗುತ್ತದೆ. ತಿಂಗಳಿಗೊಂದು ಊರಿನಂತೆ ಹಂತ ಹಂತವಾಗಿ ಬಿಟ್ಟುಕೊಡುತ್ತೇನೆ ಅಂದರು. ಮೊದಲ ತಿಂಗಳು ಹನ್ನೆರಡು ಮನೆಗಳ ಒಂದು ಹಟ್ಟಿಯನ್ನು ಬಿಟ್ಟುಕೊಟ್ಟರು. ಅಲ್ಲಿ ಅವರ ಶಿಷ್ಯರು ಒಬ್ಬರೂ ಇರಲಿಲ್ಲ.

ಈಗ ನೀವೇ ಯೋಚಿಸಿ. ಎರಡೂ ಕಡೆ ಹೊಲ, ನಡುವೆ ಖಾಲಿ ರಸ್ತೆ, ಅಲ್ಲಿ ಕಣ್ಣು ಕಾಣುವ ನಾನು. ಮಕ್ಕಳು, ಮೇಕೆ, ಆಟೊ, ತಳ್ಳುಗಾಡಿ ತುಂಬಿದ ಊರಿನ ಬೀದಿ ಬಂದರೆ ಕಣ್ಣು ಕಾಣದ ಅವರು. ಊರಿನ ಹೆಸರು ಬರೆದ ಹಳದಿ ಬೋರ್ಡು ಅವರಿಗೆ ಕಾಣುತ್ತಿರಲಿಲ್ಲ, ಹಾಗಾಗಿ ಊರು ಬಂತು ರೀ ಅಂತ ನಾನೇ ಹೇಳಿ ಗಾಡಿ ನಿಲ್ಲಿಸಬೇಕಿತ್ತು. ಅವರು ಇಳಿದು, ಪ್ಯಾಂಟು ಸರಿಮಾಡಿಕೊಂಡು, ಹಿಂದೆ ಕೂತ್ಕೋ ಅನ್ನುತ್ತಿದ್ದರು. ನಾನು ಕೂರುತ್ತಿದ್ದೆ. ಸುಳ್ಳು ಯಾಕೆ ಹೇಳಲಿ, ನನಗೂ ಒಳಗೊಳಗೇ ಅಳುಕಿತ್ತು. ಗಂಡನನ್ನು ಹಿಂದೆ ಕೂರಿಸಿಕೊಂಡು ಮೆರೀತಾಳೆ ಅಂತ ಜನ ಆಡಿಕೊಂಡರೆ ಅನ್ನುವ ಅಳುಕು. ಇಬ್ಬರ ದಡ್ಡತನವೂ ಸೇರಿ ಆ ಗಾಡಿ ಎಂಟು ತಿಂಗಳು ಓಡಿತು.

ನಮ್ಮ ಮಗಳು ಚೈತ್ರಶ್ರೀಯನ್ನು ಸಾಸ್ವೆಹಳ್ಳಿಗೆ ಕೊಟ್ಟಿದ್ದೇವೆ. ಹೊನ್ನಾಳಿಯ ಒಂದು ಆಸ್ಪತ್ರೆಯಲ್ಲಿ ಅವಳು ನರ್ಸು. ಮಗುವಿಗೆಂದು ಹಾಕಿದ ರಜೆಯನ್ನು ಎಳೆದೂ ಎಳೆದೂ ಕೊನೆಗೆ ಮುಂದಿನ ಒಂದನೇ ತಾರೀಕಿಗೆ ಕೆಲಸಕ್ಕೆ ಬರಲೇಬೇಕು, ಇಲ್ಲದಿದ್ದರೆ ಬರುವುದೇ ಬೇಡ ಅಂದಿದ್ದರು. ಅವಳ ಅತ್ತೆ ಕಾಟಮ್ಮನವರಿಗೆ ಮೊಣಕಾಲು ನೋವು, ಒಂದೂವರೆ ವರ್ಷದ ಪುಟ್ಟಿಯ ಹಿಂದೆ ಓಡಲು ಆಗುವುದಿಲ್ಲ. ಮಗು ಬಸ್ಸು ಹತ್ತಿದರೆ ವಾಂತಿ ಮಾಡಿ ಮಾಡಿ ಸೋತುಹೋಗುತ್ತದೆ. ಹಾಗಾಗಿ ಸೋಮವಾರ ನಾನು ಗಾಡಿಯಲ್ಲಿ ಹೋಗಿ ಪುಟ್ಟಿಯನ್ನು ಚನ್ನಗಿರಿಗೆ ಕರೆತರುವುದು, ಶುಕ್ರವಾರ ಬಿಟ್ಟುಬರುವುದು ಅಂತ ಮಾತಾಗಿತ್ತು. ಮಗಳ ಕೆಲಸ ಉಳಿಯುವುದು ನನ್ನ ಗಾಡಿಯ ಮೇಲೆ ನಿಂತಿತ್ತು. ಅದನ್ನು ಕೇಳಿದ ದಿನ ನನಗೆ ಲೈಸೆನ್ಸು ಬಂದ ದಿನಕ್ಕಿಂತ ಹೆಚ್ಚು ಹೆಮ್ಮೆಯಾಯಿತು.

ಇದನ್ನೇ ಮಾತಾಡಿ ಮುಗಿಸಲು ಒಂದು ದಿನ ಬೆಳಿಗ್ಗೆ ಇಬ್ಬರೂ ಸಾಸ್ವೆಹಳ್ಳಿಗೆ ಹೊರಟೆವು. ನಲ್ಲೂರು ಬಂದಾಗ ಸೀಟು ಬದಲಾಯಿಸಿದೆವು, ದಾಟಿದಮೇಲೆ ಮತ್ತೆ ಬದಲಾಯಿಸಿದೆವು. ಬಸವಾಪಟ್ಟಣದ ಬೋರ್ಡು ಬಂತು. ಮೇಷ್ಟ್ರು ಮುಂದೆ ಕೂತರು. ಮನೆಯಲ್ಲಿದ್ದುದು ಒಂದೇ ಹೆಲ್ಮೆಟ್ಟು, ಅದು ನನ್ನ ತಲೆಯ ಮೇಲಿತ್ತು. ಊರೊಳಗೆ ಅವರು ಅದನ್ನು ಹಾಕುತ್ತಿರಲಿಲ್ಲ, ಹಾಕಿದರೆ ಶಿಷ್ಯರಿಗೆ ಗುರುತು ಸಿಗುವುದಿಲ್ಲವಲ್ಲ. ಬಸ್‌ಸ್ಟ್ಯಾಂಡಿನ ಮುಂದೆ ಬುಡನ್‌ಸಾಬರು ಅಂತ ಒಬ್ಬ ವ್ಯಾಪಾರಿ ಪಿಂಗಾಣಿ ಕಪ್ಪು ಬಸಿಗಳ ತಳ್ಳುಗಾಡಿ ಎಳೆದುಕೊಂಡು ನಮಗೆ ಬೆನ್ನು ಹಾಕಿ ಹೋಗುತ್ತಿದ್ದರು. ನನಗೆ ಕಾಣುತ್ತಿತ್ತು, ಬ್ರೇಕು ಬ್ರೇಕು ಅಂತ ಕೂಗಿದೆ. ಇವರು ಅದನ್ನು ಮರದ ನೆರಳು ಅಂದುಕೊಂಡರಂತೆ, ನೇರವಾಗಿ ಹೋಗಿ ಗುದ್ದಿದರು.

ಕಪ್ಪುಗಳು ಒಡೆದ ಸದ್ದಿಗೇ ಅರ್ಧ ಊರು ಸೇರಿತು. ತಳ್ಳುಗಾಡಿಯ ಚಕ್ರ ಬುಡನ್‌ಸಾಬರ ಪಾದದ ಗಂಟಿನ ಮೇಲೆ ಹತ್ತಿತ್ತು. ನನ್ನ ಮೊಣಕೈ ತರಚಿಹೋಗಿತ್ತು. ನಾವಿಬ್ಬರೂ ನೆಲದಿಂದ ಏಳುವಾಗ ಜನ ನೋಡಿದ್ದು ಇಷ್ಟೇ: ಹೆಲ್ಮೆಟ್ಟು ಹಾಕಿಕೊಂಡ ಒಬ್ಬ ಹೆಂಗಸು, ಬರಿದಲೆಯ ಒಬ್ಬ ಮೇಷ್ಟ್ರು. ಹೆಣ್ಣುಮಕ್ಕಳ ಕೈಗೆ ಗಾಡಿ ಕೊಟ್ಟರೆ ಇನ್ನೇನಾಗುತ್ತದೆ ಅಂತ ಒಬ್ಬ ಶುರು ಮಾಡಿದ. ಪಾಪ ಮೇಷ್ಟ್ರು ಅಂತ ಇನ್ನೊಬ್ಬ. ನಾನು ಗಂಡನ ಮುಖ ನೋಡಿದೆ, ಈಗ ಹೇಳುತ್ತಾರೆ ಅಂತ. ಅವರು ಕಣ್ಣು ಮುಚ್ಚಿ ಉಸಿರು ತೆಗೆದುಕೊಳ್ಳುತ್ತಿದ್ದರು. ಮೂರು ಉಸಿರು ಮುಗಿಯುವಷ್ಟರಲ್ಲಿ ಇಡೀ ಬಸವಾಪಟ್ಟಣ ತೀರ್ಪು ಕೊಟ್ಟಾಗಿತ್ತು.

ಬುಡನ್‌ಸಾಬರು ಕಾಲಿನ ಗಂಟು ಹಿಡಿದುಕೊಂಡು ಕಟ್ಟೆಯ ಮೇಲೆ ಕೂತಿದ್ದರು. ಎಪ್ಪತ್ತರ ಹತ್ತಿರದ ಮುದುಕ. ನೋವಿನಲ್ಲೂ ನನ್ನ ಮುಖ ನೋಡಿ, "ಇರ್ಲಿ ಬಿಡಮ್ಮ, ಕಲಿಯೋವಾಗ ಹಿಂಗೆಲ್ಲ ಆಗ್ತೈತೆ. ನಿನ್ನ ಮಾಫ್ ಮಾಡೀನಿ, ಮನಸ್ನಾಗೆ ಇಟ್ಕೊಬ್ಯಾಡ" ಅಂದರು. ನಾನು ತಲೆಯಾಡಿಸಿದೆ. ಮಾಡದ ತಪ್ಪಿಗೆ ಸಿಕ್ಕ ಕ್ಷಮೆಯನ್ನು ಸೆರಗೊಡ್ಡಿ ಇಸಿದುಕೊಂಡು ಬಂದೆ. ಒಡೆದ ಸಾಮಾನಿಗೆ ಮೇಷ್ಟ್ರೇ ಹಣ ಕೊಟ್ಟರು, ಹೆಂಡತಿ ಇಷ್ಟು ಮಾಡಿದರೂ ಒಂದು ಮಾತು ಬೈಯಲಿಲ್ಲ ನೋಡಿ ಅಂತ ಜನ ಅದಕ್ಕೂ ಅವರನ್ನೇ ಹೊಗಳಿದರು.

ಸುದ್ದಿ ನಮಗಿಂತ ಮೊದಲು ಸಾಸ್ವೆಹಳ್ಳಿ ಮುಟ್ಟಿತ್ತು. ಕಾಟಮ್ಮನವರ ತಂಗಿಯ ಮಗಳು ಅದೇ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಳಂತೆ. ಕಾಟಮ್ಮನವರು ನನ್ನ ಮೊಣಕೈಗೆ ತಾವೇ ಅರಿಶಿನ ಹಚ್ಚಿದರು. ಕಾಫಿ ಕೊಟ್ಟರು. ಆಮೇಲೆ ಬಹಳ ಮೆತ್ತಗೆ, ಮಗುವನ್ನು ನನ್ನ ಗಾಡಿಯಲ್ಲಿ ಕಳಿಸುವುದಿಲ್ಲ ಅಂದರು. ಅಳಿಯ ಓಬಳೇಶ್ ನೆಲ ನೋಡುತ್ತಾ ಕೂತ. ಚೈತ್ರಾ ನನ್ನ ಕಡೆ ನೋಡಿದಳು, ಏನಮ್ಮ ಹಿಂಗೆ ಮಾಡಿಬಿಟ್ಟೆ ಅನ್ನುವ ಹಾಗೆ. ಆ ನೋಟವನ್ನು ನಾನು ಮರೆತಿಲ್ಲ. ಮೇಷ್ಟ್ರು ಚಕ್ಕುಲಿ ತಿನ್ನುತ್ತಿದ್ದರು, ನಿಧಾನವಾಗಿ.

ಮನೆಗೆ ಬಂದಮೇಲೆ ನಾನು ಸುಮ್ಮನಿರಲಿಲ್ಲ. ನಾಳೆಯೇ ಫೋನು ಮಾಡಿ ನಿಜ ಹೇಳಿ ಅಂದೆ. ಅವರು ಒಪ್ಪಿದರು. ಅವರ ಕಷ್ಟವೇ ಅದು, ಎಲ್ಲದಕ್ಕೂ ಒಪ್ಪುತ್ತಾರೆ.

"ಹೇಳ್ತೀನಿ ಶಾಂತಾ, ಹೇಳಲ್ಲ ಅಂದ್ನಾ? ಆದ್ರೆ ಒಂದೇ ಸಲಕ್ಕೆ ಬ್ಯಾಡ. ಹಂತ ಹಂತವಾಗಿ ಹೇಳ್ತೀನಿ" ಅಂದರು.

ಹಾಗೇ ಮಾಡಿದರು. ಮೊದಲನೇ ವಾರ ಕಾಟಮ್ಮನವರಿಗೆ ಫೋನು ಮಾಡಿ, ಅವತ್ತು ಗಾಡಿಯ ಮೇಲೆ ನಾವಿಬ್ಬರೂ ಇದ್ದೆವು ಅಂದರು. ಎರಡನೇ ವಾರ, ಬ್ರೇಕು ಸ್ವಲ್ಪ ಸಡಿಲವಿತ್ತು ಅಂದರು. ಮೂರನೇ ವಾರ ಬಹಳ ಹೊತ್ತು ಹವಾಮಾನ ಮಾತಾಡಿ ಕೊನೆಗೆ, ಹ್ಯಾಂಡಲ್ಲಿನ ಮೇಲೆ ತಮ್ಮದೂ ಒಂದು ಕೈ ಇದ್ದಿರಬಹುದು ಅಂದರು. ಹಿಂದಿನಿಂದ ಕೈ ಚಾಚಿ ಕಾಪಾಡಲು ನೋಡಿದ್ದಾರೆ ಅಂದುಕೊಂಡು ಕಾಟಮ್ಮನವರು ಇನ್ನಷ್ಟು ಕರಗಿಹೋದರು. ಈ ಲೆಕ್ಕದಲ್ಲಿ ಪೂರ್ತಿ ನಿಜ ಹೊರಬರುವಾಗ ಪುಟ್ಟಿಯ ಮದುವೆಯೇ ಆಗಿರುತ್ತಿತ್ತು. ನಾನೇ ಹೇಳಿದರೂ ಪ್ರಯೋಜನವಿರಲಿಲ್ಲ. ಚೈತ್ರಾಗೆ ಹೇಳಿ ನೋಡಿದೆ. ಅಪ್ಪ ಸುಳ್ಳು ಹೇಳುವ ಮನುಷ್ಯರಲ್ಲ ಅಂದಳು. ಅವರು ಸುಳ್ಳು ಹೇಳಿಯೇ ಇರಲಿಲ್ಲ, ಅದೇ ನನ್ನ ಹೊಟ್ಟೆ ಉರಿಸಿದ್ದು.

ಅಷ್ಟರಲ್ಲಿ ಸಾಸ್ವೆಹಳ್ಳಿಯ ಹಿರಿಯರ ಬಳಗದವರು ಮೇಷ್ಟ್ರನ್ನು ಭಾಷಣಕ್ಕೆ ಕರೆದರು. ಒಂದನೇ ತಾರೀಕಿಗೆ ಎರಡೇ ದಿನ ಉಳಿದಿದ್ದ ಶನಿವಾರ ಮಧ್ಯಾಹ್ನ, ಶಾಲೆಯ ಅಂಗಳದಲ್ಲಿ. ವಿಷಯ, 'ಬದಲಾವಣೆಯನ್ನು ಕಣ್ತುಂಬಿಕೊಳ್ಳೋಣ'. ಎರಡೂ ಕಣ್ಣಿನಲ್ಲಿ ಪೊರೆ ತುಂಬಿಕೊಂಡವರಿಗೆ ಇದಕ್ಕಿಂತ ಒಳ್ಳೆಯ ವಿಷಯ ಸಿಗಲಾರದು. ಗೌಸಿಯಾಳ ಹತ್ತಿರ ಹೇಳಿದೆ, ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಅವತ್ತು ನಾನೇ ಗಾಡಿ ತೆಗೆದೆ, ಎಲ್ಲೂ ಸೀಟು ಬಿಡಲಿಲ್ಲ. ನಲ್ಲೂರಿನಲ್ಲೂ, ಬಸವಾಪಟ್ಟಣದಲ್ಲೂ ಮೇಷ್ಟ್ರು ಮುಖದ ಮೇಲೆ ಟವೆಲ್ಲು ಎಳೆದುಕೊಂಡು ಹಿಂದೆ ಕೂತಿದ್ದರು. ಸಾಸ್ವೆಹಳ್ಳಿಯ ಬೋರ್ಡು ಬಂದಾಗ ಗಾಡಿ ನಿಲ್ಲಿಸು ಅಂತ ಗೋಗರೆದರು. ಹಾರ ಹಿಡಿದು ಜನ ನಿಂತಿರುತ್ತಾರೆ, ನಾನು ನಡೆದುಕೊಂಡು ಬರುತ್ತೇನೆ, ನೀನು ಮುಂದೆ ಹೋಗಿರು ಅಂದರು. ಇವತ್ತಾದರೂ ನಿಜ ಹೇಳುತ್ತೀರಾ ಅಂತ ಕೇಳಿದೆ. ಇವತ್ತು ಪೂರ್ತಿ ಹೇಳಿಬಿಡುತ್ತೇನೆ, ನಿನ್ನ ಆಣೆ ಅಂದರು. ಇಳಿಸಿದೆ.

ಭಾಷಣದ ನಡುವೆ ಆ ಜಾಗ ಬಂತು. ನಾನು ಎದೆ ಹಿಡಿದುಕೊಂಡು ಕೂತಿದ್ದೆ. ನಮ್ಮ ಬಾಳಿನಲ್ಲೂ ಒಂದು ಅಪಘಾತ ಆಯಿತು ಅಂದರು. ತಪ್ಪು ಯಾರದು ಅಂತ ಕೇಳಬಾರದು, ತಪ್ಪನ್ನು ಸುಮ್ಮನೆ ಗಮನಿಸಬೇಕು, ಒಡೆದ ಕಪ್ಪಿಗೂ ಧನ್ಯವಾದ ಹೇಳಬೇಕು ಅಂದರು. ಚಪ್ಪಾಳೆ ಬಿತ್ತು. ಮುಂದಿನ ಸಾಲಿನಲ್ಲಿ ಪುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಕಾಟಮ್ಮನವರು ಕಣ್ಣೊರೆಸಿಕೊಂಡರು. ಇಂಥ ಹೆಂಡತಿಯನ್ನು ಕಟ್ಟಿಕೊಂಡೂ ಎಂಥ ಸಹನೆ ಅಂತ. ನನ್ನ ಆಣೆ ನನ್ನ ಎದುರಿಗೇ ಸತ್ತಿತು.

ಸಭೆ ಮುಗಿದು ಎಲ್ಲರೂ ಗೇಟಿನ ಹೊರಗೆ ಬಂದರು. ಮೇಷ್ಟ್ರ ಕೊರಳಲ್ಲಿ ಹಾರ, ಹೆಗಲ ಮೇಲೆ ಹೊಸ ಶಾಲು. ಕಾಟಮ್ಮನವರು ಮಗುವನ್ನೆತ್ತಿಕೊಂಡು ಸೀದಾ ಅವರ ಮುಂದೆ ಬಂದು ನಿಂತರು.

"ನಿಮ್ಮಂಥೋರು ಇದ್ರೆ ನನಗೇನು ಭಯ ಇಲ್ಲ ಬೀಗ್ರೆ. ಗಾಡಿ ನೀವೇ ಓಡಿಸೋದಾದ್ರೆ ಪುಟ್ಟೀನ ಈಗ್ಲೇ ಕರ್ಕೊಂಡು ಹೋಗ್ರಿ. ಚೈತ್ರಾನೂ ಕೆಲ್ಸಕ್ಕೆ ಹೋಗ್ಲಿ."

ಚೈತ್ರಾಳ ಮುಖ ಅರಳಿತು. ಸುತ್ತ ನಿಂತವರು ತಲೆದೂಗಿದರು. ಮೇಷ್ಟ್ರು ಆ ಜನರನ್ನು ನೋಡಿದರು, ಅಂದರೆ ಜನರಿರುವ ಕಡೆಗೆ ಮುಖ ಮಾಡಿದರು. ಆಮೇಲೆ ಮಗುವನ್ನು ತೆಗೆದುಕೊಂಡು ಗಾಡಿಯ ಮುಂದೆ ಕಾಲಿಡುವ ಜಾಗದಲ್ಲಿ ನಿಲ್ಲಿಸಿ, ತಾವು ಸೀಟಿನ ಮೇಲೆ ಕೂತು, ಕೀ ಕೊಡು ಅಂತ ನನ್ನ ಕಡೆ ಕೈ ಚಾಚಿದರು.

ಅಷ್ಟು ದಿನ ನನಗೆ ಬಂದದ್ದು ಬರೀ ಸಿಟ್ಟು. ಅವತ್ತು ಹೆದರಿಕೆಯಾಯಿತು. ಪುಟ್ಟಿ ಎರಡೂ ಕೈಯಲ್ಲಿ ಹ್ಯಾಂಡಲ್ಲು ಹಿಡಿದು ಡುರ್ ಅಂತ ಬಾಯಲ್ಲೇ ಗಾಡಿ ಬಿಡುತ್ತಿದ್ದಳು. ಈ ಮನುಷ್ಯ ಹಾರದ ಮರ್ಯಾದೆಗೆ ಮೊಮ್ಮಗಳನ್ನು ಬಸವಾಪಟ್ಟಣದ ಬಸ್‌ಸ್ಟ್ಯಾಂಡಿನ ಮೂಲಕ ಓಡಿಸಿಕೊಂಡು ಹೋಗಲು ತಯಾರಿದ್ದರು. ಕೀಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡೆ.

"ಕೊಡ್ತೀನಿ ರೀ. ಮೊದ್ಲು ಆ ಲೈಟ್ ಕಂಬಕ್ಕೆ ಕಟ್ಟಿರೋ ಫ್ಲೆಕ್ಸ್ ಓದ್ರಿ" ಅಂದೆ.

ಶಾಲೆಯ ಹತ್ತಿರ ಎರಡು ಫ್ಲೆಕ್ಸುಗಳಿದ್ದವು. ಗೇಟಿಗೆ ಕಟ್ಟಿದ್ದು ಮೇಷ್ಟ್ರ ಕಾರ್ಯಕ್ರಮದ್ದು, ದೊಡ್ಡ ಫೋಟೊ, ಸುತ್ತ ಹೂವಿನ ಅಂಚು. ಅದರ ಬಗ್ಗೆ ಅವರಿಗೆ ಯಾರೋ ಮೊದಲೇ ಹೇಳಿದ್ದರು. ರಸ್ತೆಯಾಚೆ ಕಂಬಕ್ಕೆ ಕಟ್ಟಿದ್ದು ಬೇರೆ. ಅದರಲ್ಲೂ ದೊಡ್ಡ ಫೋಟೊ, ಸುತ್ತ ಹೂವಿನ ಅಂಚು. ಮೇಷ್ಟ್ರು ನಾಚಿಕೊಂಡು ನಕ್ಕರು. ಹೆಂಡತಿ ಜನರ ಮುಂದೆ ತಮ್ಮನ್ನು ಮೆರೆಸುತ್ತಿದ್ದಾಳೆ ಅಂದುಕೊಂಡರೋ ಏನೋ. ಶಾಲು ಸರಿಮಾಡಿಕೊಂಡು, ಕಂಬದ ಕಡೆ ತಿರುಗಿ, ಹಳೆಯ ಡ್ರಿಲ್ಲಿನ ಗಂಟಲಿನಲ್ಲಿ ಓದಿದರು.

"'ಬದಲಾವಣೆಯನ್ನು ಕಣ್ತುಂಬಿಕೊಳ್ಳೋಣ. ಉಪನ್ಯಾಸಕರು ಶ್ರೀ ತಿಪ್ಪೇರುದ್ರಸ್ವಾಮಿ, ಚನ್ನಗಿರಿ.' ಫೋಟೊ ಚಲೋ ಬಂದೈತೆ, ಅಲ್ಲೇನ್ರೀ?"

ಹಿಂದಿನಿಂದ ಒಬ್ಬರು ಬಹಳ ಸಂಕೋಚದಿಂದ, ಸಾರ್, ಅದು ನಮ್ಮೂರ ಜುಂಜಪ್ಪನವರ ಶ್ರದ್ಧಾಂಜಲಿ ಫ್ಲೆಕ್ಸು, ತೀರಿಕೊಂಡು ಒಂಬತ್ತು ದಿನ ಆಯಿತು ಅಂದರು.

ಕಾಟಮ್ಮನವರು ಮೊಣಕಾಲು ನೋವನ್ನು ಮರೆತು ಬಂದು ಮಗುವನ್ನು ಗಾಡಿಯಿಂದ ಎತ್ತಿಕೊಂಡರು. ಫ್ಲೆಕ್ಸನ್ನು ನೋಡಿದರು, ಮೇಷ್ಟ್ರನ್ನು ನೋಡಿದರು, ನನ್ನ ಮೊಣಕೈಯ ಗಾಯದ ಗುರುತನ್ನು ನೋಡಿದರು. ಹಳ್ಳಿಯ ಹೆಂಗಸು, ಶಿಬಿರಕ್ಕೆಲ್ಲ ಹೋದವರಲ್ಲ, ಆದರೆ ಗಮನಿಸುವುದು ಅವರಿಗೆ ಗೊತ್ತಿತ್ತು.

"ಬೀಗ್ರೆ, ಅವತ್ತು ಬಸವಾಪಟ್ಟಣದಾಗೆ ಗಾಡಿ ಓಡಿಸಿದ್ದು ಯಾರು?"

ಮೇಷ್ಟ್ರು ಕಣ್ಣು ಮುಚ್ಚಿದರು. ಎದೆ ಉಬ್ಬಿತು. ಒಂದು ಉಸಿರು ಆಯಿತು.

"ಉಸಿರು ಆಮೇಲೆ ತಗೊಳ್ರಿ" ಅಂದರು ಕಾಟಮ್ಮನವರು.

"ನಾನೇ" ಅಂದರು ಮೇಷ್ಟ್ರು.

ಹಂತವಿಲ್ಲದೆ ಬಂದ ಮೊದಲ ಮಾತು ಅದು. ಹಾರದೊಳಗೆ ಅವರ ಮುಖ ಸಣ್ಣಗಾಗಿಬಿಟ್ಟಿತ್ತು, ಕಣ್ಣು ಯಾರನ್ನೂ ಹುಡುಕುತ್ತಿರಲಿಲ್ಲ. ನನಗೆ ಅಯ್ಯೋ ಅನಿಸಿತು. ಮೂವತ್ತು ವರ್ಷ ಜೊತೆಗೆ ಬಾಳಿದ ಮನುಷ್ಯ, ಅನಿಸದೆ ಇರುತ್ತದೆಯೇ. ಆದರೆ ಬಹಳ ಹೊತ್ತು ಅನಿಸಲಿಲ್ಲ.

ಕಾಟಮ್ಮನವರು ಹುಷಾರಿನ ಹೆಂಗಸು. ನನ್ನ ಕಡೆ ತಿರುಗಿ, ಈಗ ನೀವು ಓದಿ ಅಂದರು. ನಾನು ಜುಂಜಪ್ಪನವರ ಹೆಸರಿನಿಂದ ಶುರುಮಾಡಿ, ಹುಟ್ಟಿದ ದಿನ, ತೀರಿಕೊಂಡ ದಿನ, ಕಾರ್ಯದ ಊಟ ಎಷ್ಟು ಗಂಟೆಗೆ ಅನ್ನುವುದು, ಕೊನೆಗೆ ಅಂಚಿನಲ್ಲಿ ಇರುವೆಯಷ್ಟು ಸಣ್ಣಗೆ ಬರೆದಿದ್ದ ಪ್ರೆಸ್ಸಿನ ಫೋನ್ ನಂಬರನ್ನೂ ಓದಿದೆ. ಕಾಟಮ್ಮನವರು ಮಗುವನ್ನು ನನ್ನ ಕೈಗೆ ಕೊಟ್ಟರು. ಚೈತ್ರಾ ಬಂದು ನನ್ನ ಮೊಣಕೈ ಮುಟ್ಟಿದಳು. ಆಮೇಲೆ ಅಲ್ಲೇ ನಿಂತು ತನ್ನ ಆಸ್ಪತ್ರೆಗೆ ಫೋನು ಮಾಡಿ ಅಪ್ಪನ ಕಣ್ಣಿನ ಆಪರೇಷನ್ನಿಗೆ ಗುರುವಾರದ ದಿನ ಹಿಡಿದಳು. ಹಣ್ಣಾಗಲಿ ಅಂತ ಯಾರೂ ಹೇಳಲಿಲ್ಲ.

ಹೊರಟೆವು. ಮುಂದೆ ನಾನು, ನಡುವೆ ಪುಟ್ಟಿ, ಹಿಂದೆ ಮೇಷ್ಟ್ರು. ಮಗು ಜಾರದಂತೆ ಆ ಸನ್ಮಾನದ ಶಾಲಿನಲ್ಲಿ ಅವಳನ್ನು ಅವರ ಸೊಂಟಕ್ಕೆ ಸೇರಿಸಿ ಕಟ್ಟಿದ್ದೆ. ಮಿಕ್ಸಿಗೆ ಮುಚ್ಚಿದ್ದನ್ನು ಬಿಟ್ಟರೆ ಅಷ್ಟು ಶಾಲುಗಳಲ್ಲಿ ಕೆಲಸಕ್ಕೆ ಬಂದದ್ದು ಅದೊಂದೇ. ಮಗುವನ್ನು ಹಿಡಿಯಲು ಎರಡೂ ಕೈ ಬೇಕಿದ್ದರಿಂದ ಮುಖದ ಮೇಲೆ ಟವೆಲ್ಲು ಎಳೆದುಕೊಳ್ಳಲು ಅವರಿಗೆ ಆಗಲಿಲ್ಲ.

ಬಸವಾಪಟ್ಟಣದ ಬೋರ್ಡು ಬಂದಾಗ ನಾನು ನಿಲ್ಲಿಸಲಿಲ್ಲ. ನಿಲ್ಲಿಸಿದ್ದು ಬಸ್‌ಸ್ಟ್ಯಾಂಡಿನ ಮುಂದೆ, ಬುಡನ್‌ಸಾಬರ ತಳ್ಳುಗಾಡಿಯ ಪಕ್ಕದಲ್ಲಿ. ಅವರ ಕಾಲಿಗೆ ಇನ್ನೂ ಪಟ್ಟಿಯಿತ್ತು, ಸ್ಟೂಲಿನ ಮೇಲೆ ಕೂತು ವ್ಯಾಪಾರ ಮಾಡುತ್ತಿದ್ದರು. ಹೇಳ್ರಿ ಅಂತ ನಾನು ಹಿಂದೆ ತಿರುಗಿ ಅಂದೆ. ಸುತ್ತ ಏಳೆಂಟು ಜನರಿದ್ದರು. ಮೇಷ್ಟ್ರು ಹೇಳಿದರು, ಅವತ್ತು ಗುದ್ದಿದ್ದು ನಾನು, ಇವಳಲ್ಲ ಅಂತ. ದನಿ ಸಣ್ಣದಿತ್ತು, ಆದರೆ ಎಲ್ಲರಿಗೂ ಕೇಳಿಸಿತು.

ಬುಡನ್‌ಸಾಬರು ಅವರನ್ನು ನೋಡಿದರು, ಪುಟ್ಟಿಯನ್ನು ನೋಡಿದರು, ಕೊನೆಗೆ ನನ್ನನ್ನು. ನಿಜವಾಗಲೂ ಪೇಚಿಗೆ ಸಿಕ್ಕಿದ್ದರು.

"ಅಲ್ಲಮ್ಮ, ನಾನು ಮಾಫ್ ಮಾಡಿದ್ದು ನಿನ್ನ. ಈಗ ಅದನ್ನ ಏನು ಮಾಡ್ಲಿ?"

"ವಾಪಸ್ ತಗೊಂಡು ಇವ್ರಿಗೆ ಕೊಡ್ರಿ ಸಾಬ್ರೆ" ಅಂದೆ, ಗಾಡಿ ಸ್ಟಾರ್ಟ್ ಮಾಡುತ್ತಾ. "ಆದ್ರೆ ಒಂದೇ ಸಲಕ್ಕೆ ಬ್ಯಾಡ. ಹಂತ ಹಂತವಾಗಿ ಕೊಡ್ರಿ."